ಲೆಕ್ಕಕ್ಕೆ ಹಿಡಿಯದ ಐದನೇ ಗುಂಡು

ಇಳಿಹೊತ್ತಿನ ಅಸರ್ ನಮಾಜಿನ ಕೂಗು ಮುಗಿದ ಸ್ವಲ್ಪ ಹೊತ್ತಿಗೆ ಬಾಗಿಲ ಗಂಟೆ ಸದ್ದಾಯಿತು. ತೆರೆದು ನೋಡಿದರೆ ನನ್ನ ಗಂಡ ಉಸ್ತಾದ್ ಎಂದು ಕರೆಯುತ್ತಿದ್ದ ಹಿರಿಯರು ನಿಂತಿದ್ದರು. ಪಕ್ಕದಲ್ಲಿ ಅವರ ಹೆಂಡತಿ, ಕೈಯಲ್ಲಿ ಹಲ್ವಾದ ಡಬ್ಬಿ. ಗಂಡನಿಲ್ಲದ ಮನೆಗೆ ಒಬ್ಬರೇ ಬರಬಾರದೆಂದು ಹೆಂಡತಿಯನ್ನೂ ಕರೆದುಕೊಂಡು ಬಂದಿದ್ದರು. ಅವರ ಕಾಲ ಬಳಿ ಒಂದು ರಟ್ಟಿನ ಪೆಟ್ಟಿಗೆ ಇತ್ತು. ಲಿಫ್ಟ್ ಕೆಟ್ಟಿದ್ದರಿಂದ ಅದನ್ನು ಎರಡು ಮಹಡಿ ಹೊತ್ತು ತಂದಿದ್ದರು, ಉಸಿರು ಇನ್ನೂ ಹತೋಟಿಗೆ ಬಂದಿರಲಿಲ್ಲ.

ನನ್ನ ಗಂಡ ತೀರಿಕೊಂಡು ಆಗ ಎರಡು ತಿಂಗಳಾಗಿತ್ತು. ಕೆಲಸದಿಂದ ಮನೆಗೆ ಬರುವಾಗ ಕಾರಿನಲ್ಲೇ ಎದೆ ನೋವು ಬಂತಂತೆ. ಗಾಡಿಯನ್ನು ರಸ್ತೆಯ ಪಕ್ಕಕ್ಕೆ ತಂದು ನಿಲ್ಲಿಸಿ, ಇಂಜಿನ್ ಆರಿಸಿ, ಅಪಾಯದ ದೀಪ ಹಾಕಿಕೊಂಡಿದ್ದರು. ಹಿಂದೆ ಬರುತ್ತಿದ್ದವರು ಆಸ್ಪತ್ರೆಗೆ ಸೇರಿಸಿದರು, ಅಷ್ಟರಲ್ಲಿ ಎಲ್ಲ ಮುಗಿದಿತ್ತು. ಊರು ಬಾಗಲಕೋಟೆಯ ಹತ್ತಿರ. ಅಲ್ಲಿಗೆ ಒಯ್ದು ಕಾರ್ಯ ಮುಗಿಸಿ, ಮಗಳ ಹತ್ತನೇ ತರಗತಿಯ ಪರೀಕ್ಷೆ ಇದ್ದುದರಿಂದ ನಾವಿಬ್ಬರೂ ಈ ಕೊಲ್ಲಿ ದೇಶದ ಅಲ್ ಮವಾಲೇಹ್‌ಗೆ ವಾಪಸು ಬಂದೆವು. ಅವಳ ಶಾಲೆ ಪಕ್ಕದ ಸೀಬ್‌ನಲ್ಲಿತ್ತು. ನಮ್ಮ ವೀಸಾ ಗಂಡನ ಕೆಲಸದ ಮೇಲೆ ನಿಂತಿದ್ದದ್ದು. ಪರೀಕ್ಷೆ ಮುಗಿಯುವವರೆಗೆ ಹಾಗೇ ಇರಲಿ ಎಂದು ಅವರ ಕ್ಲಬ್‌ನವರು ಒಪ್ಪಿದ್ದರು.

ಅವರು ಕೆಲಸ ಮಾಡುತ್ತಿದ್ದದ್ದು ಒಂದು ಶೂಟಿಂಗ್ ಕ್ಲಬ್‌ನಲ್ಲಿ. ಒಳನಾಡಿಗೆ ಹೋಗುವ ದಾರಿಯಲ್ಲಿ, ಹುಲ್ಲೂ ಇಲ್ಲದ ಬೆಟ್ಟದ ಬುಡದಲ್ಲಿ ಅದರ ಮೈದಾನ. ರೈಫಲ್ ತಂಡಕ್ಕೆ ಬೇಕಾದ ತೋಟಾಗಳನ್ನು ಅಂಗಡಿಯಿಂದ ತರದೆ, ಪರವಾನಗಿ ಪಡೆದು ಅಲ್ಲಿಯ ಒಂದು ಕೋಣೆಯಲ್ಲೇ ಕೈಯಿಂದ ತುಂಬುತ್ತಿದ್ದರು. ಸೈನ್ಯದಿಂದ ನಿವೃತ್ತರಾಗಿದ್ದ ಉಸ್ತಾದ್ ಆ ಕೋಣೆಯ ಮುಖ್ಯಸ್ಥರು. ನನ್ನ ಗಂಡ ಹುಬ್ಬಳ್ಳಿಯಲ್ಲಿ ಡಿಪ್ಲೊಮಾ ಮುಗಿಸಿ ಅಳತೆಯ ಉಪಕರಣಗಳ ಕೆಲಸ ಕಲಿತವರು. ಯಾವ ತೋಟಾ ಹೇಗೆ ಹೊಡೆಯಿತು ಎಂದು ಅಳೆದು ಬರೆದಿಡುವುದು ಅವರ ಪಾಲಿಗೆ ಬಂದಿತ್ತು.

ಅಲ್ಲಿ ಸೇರಿದ ಹೊಸದರಲ್ಲಿ ಒಮ್ಮೆ ಇದೇನು ಕೆಲಸ ಎಂದು ಕೇಳಿದ್ದೆ. ಊಟದ ಮೇಜಿನ ಮೇಲೆ ಒಂದು ಗುರಿ ಕಾಗದ ಹರಡಿ ತೋರಿಸಿದ್ದರು. ಒಂದೇ ಬಗೆಯ ಗುಂಡು, ಒಂದೇ ಬಂದೂಕು, ಆದರೆ ಒಳಗಿನ ಮದ್ದು ಮಾತ್ರ ಕೂದಲೆಳೆಯಷ್ಟು ಹೆಚ್ಚು ಕಡಿಮೆ. ಒಂದೊಂದು ಅಳತೆಗೆ ಐದೈದು ಗುಂಡು ಹೊಡೆಯಬೇಕು. ಐದೂ ತೂತು ಒತ್ತೊತ್ತಾಗಿ ಬಿದ್ದರೆ ಆ ಅಳತೆ ಒಳ್ಳೆಯದು, ಚೆದುರಿದರೆ ಬೇಡ. ಎಲ್ಲಕ್ಕಿಂತ ದೂರ ಬಿದ್ದ ಎರಡು ತೂತುಗಳ ನಡುವಿನ ಅಂತರವನ್ನು ಕ್ಯಾಲಿಪರ್‌ನಿಂದ ಅಳೆದು ಬರೆಯಬೇಕು. ಆವತ್ತಿನ ಬಿಸಿಲು, ಗಾಳಿ, ಹೊಡೆದವರು ಯಾರು, ಎಷ್ಟನೇ ಗುಂಡು ಎಲ್ಲಿ ಬಿತ್ತು, ಎಲ್ಲ ಬರೆಯಬೇಕು.

"ಒಂದು ತಪ್ಪಿ ಹೊರಗ ಬಿದ್ರ?" ಎಂದು ಕೇಳಿದ್ದೆ.

"ಅದನ್ನೂ ಬರೀಬೇಕ. ಚಲೋ ಬಿದ್ದದ್ದ ಅಷ್ಟ ಬರಿಯೂದಾದ್ರ ಗುಂಡ ಯಾಕ ಹಾಳ ಮಾಡಬೇಕ," ಎಂದಿದ್ದರು.

ಉಸ್ತಾದ್ ತಂದಿದ್ದ ಪೆಟ್ಟಿಗೆಯಲ್ಲಿ ಅವರ ರಿಜಿಸ್ಟರುಗಳಿದ್ದವು, ಹನ್ನೊಂದು. ಪ್ರತಿ ಪುಟಕ್ಕೂ ಗುರಿ ಕಾಗದದಿಂದ ಚೌಕವಾಗಿ ಕತ್ತರಿಸಿದ ತುಂಡು ಅಂಟಿಸಿತ್ತು, ಕೆಳಗೆ ಇಂಗ್ಲಿಷಿನಲ್ಲಿ ಅಂಕಿಗಳು. ಕೊನೆಯ ಕಾಲಂ ಮಾತ್ರ ಕನ್ನಡದಲ್ಲಿತ್ತು. ಒತ್ತಾದ, ಎಡಕ್ಕೆ ವಾಲಿದ ಅವರ ಅಕ್ಷರ.

ಉಸ್ತಾದ್ ಹಿಂದಿಯಲ್ಲಿ ಮಾತಾಡುತ್ತಿದ್ದರು, ಎಷ್ಟೋ ವರ್ಷ ಭಾರತದವರೊಡನೆ ಕೆಲಸ ಮಾಡಿ ಕಲಿತ ಹಿಂದಿ. "ಬೆಹೆನ್, ಅಂಕಿ ನಮಗೆ ಗೊತ್ತಾಗುತ್ತವೆ. ಇದು ಯಾರಿಗೂ ಗೊತ್ತಾಗುವುದಿಲ್ಲ," ಎಂದು ಆ ಕಾಲಂ ಮೇಲೆ ಬೆರಳಿಟ್ಟರು. "ಮೊದಲು ಇಂಗ್ಲಿಷಿನಲ್ಲೇ ಬರೆಯುತ್ತಿದ್ದ. ಹೊಡೆಯುವವರು ಓದಿ ಜಗಳ ತೆಗೆಯುತ್ತಿದ್ದರು, ನನ್ನ ಬಗ್ಗೆ ಹೀಗೇಕೆ ಬರೆದೆ ಅಂತ. ಆಮೇಲೆ ತನ್ನ ಭಾಷೆಗೆ ಹೊರಳಿದ. ಏನಾದರೂ ಬೇಕಾದರೆ ಅವನನ್ನೇ ಕೇಳುತ್ತಿದ್ದೆ. ಈಗ ಕೇಳುವುದು ಯಾರನ್ನ?"

ನನಗೆ ಬಂದೂಕಿನ ಗಂಧಗಾಳಿಯೂ ಗೊತ್ತಿಲ್ಲ ಎಂದೆ. ಓದಿ ಹೇಳಿದರೆ ಸಾಕು, ಉಳಿದದ್ದು ನನಗೆ ಬಿಡಿ ಎಂದರು.

ಹೀಗೆ ಶುರುವಾಯಿತು. ಭಾನುವಾರ ಮತ್ತು ಮಂಗಳವಾರ ಅಸರ್ ಆದ ಮೇಲೆ ಗಂಡ ಹೆಂಡತಿ ಬರುವರು. ಬಾಗಿಲು ಅರ್ಧ ತೆರೆದೇ ಇರುತ್ತಿತ್ತು. ನಾನು ಕನ್ನಡದ ಸಾಲು ಓದಿ ಹಿಂದಿಯಲ್ಲಿ ಹೇಳುವುದು, ಉಸ್ತಾದ್ ತಮ್ಮ ನೋಟ್‌ಬುಕ್ಕಿನಲ್ಲಿ ಅರಬ್ಬಿಯಲ್ಲಿ ಬರೆದುಕೊಳ್ಳುವುದು. ಅವರ ಹೆಂಡತಿ ಫ್ಲಾಸ್ಕಿನಲ್ಲಿ ಖಾವಾ, ಅವರ ಅರಬ್ಬಿ ಕಾಫಿ, ತರುತ್ತಿದ್ದರು. ನಾನು ಚಹಾ ಮಾಡಿದರೂ ಬೇಡವೆನ್ನದೆ ಕುಡಿಯುತ್ತಿದ್ದರು.

ಆ ಸಾಲುಗಳನ್ನು ಓದುವುದು ನನಗೆ ಸುಲಭವಿರಲಿಲ್ಲ. ಮನೆಯಲ್ಲಿ ಹೆಚ್ಚು ಮಾತಿನ ಮನುಷ್ಯ ಅಲ್ಲ ಅವರು. ಬರೆಯುವಾಗ ಮಾತ್ರ ಎದುರಿಗೆ ಯಾರೋ ಕೂತಿದ್ದಾರೆ ಎನ್ನುವ ಹಾಗೆ ನಮ್ಮ ಊರ ಮಾತಿನಲ್ಲೇ ಬರೆದಿದ್ದರು. "ಗಾಳಿ ಎಡದಿಂದ. ಹೊಡೆಯಾವಗ ರಾತ್ರಿ ನಿದ್ದಿ ಇಲ್ಲ, ಕಣ್ಣ ಕೆಂಪ ಆಗ್ಯಾವು." "ಮೂರನೇದು ಅವನ ತಪ್ಪು, ಹೊಡೆದ ಕೂಡಲೇ ಒಪ್ಪಿದ." "ತಕ್ಕಡಿ ಮ್ಯಾಲ ಸಂಶಯ ಬಂತು, ಎರಡ ಸಲ ನೋಡಿದೆ, ಸರಿ ಐತಿ." ಒಂದು ಕಡೆ, "ಉಸ್ತಾದ್‌ಗೆ ಮೊಣಕಾಲ ನೋವು. ಯಾರಿಗೂ ಹೇಳಂಗಿಲ್ಲ, ಅದಕ್ಕ ಇವತ್ತ ಗುರಿ ಕಾಗದ ನಾನ ತರಾಕ ಹೋದೆ," ಎಂದಿತ್ತು. ಅದನ್ನು ಹೇಳಿದಾಗ ಉಸ್ತಾದ್ ಬರೆಯುವುದನ್ನು ನಿಲ್ಲಿಸಿದರು. ಕೈ ತಾನಾಗಿ ಮೊಣಕಾಲ ಮೇಲೆ ಹೋಯಿತು. ಅವರ ಹೆಂಡತಿ ಅರಬ್ಬಿಯಲ್ಲಿ ಏನೋ ಕೇಳಿದರು, ಅವರು ಮುಂದಿನ ಸಾಲು ಓದಿರೆಂದು ನನಗೆ ಸನ್ನೆ ಮಾಡಿದರು.

ಹತ್ತನೇ ರಿಜಿಸ್ಟರಿಗೆ ಬಂದಾಗ ಒಂದು ಪುಟದಲ್ಲಿ ಕೆಂಪು ಶಾಯಿಯ ಗೆರೆ ಎಳೆದದ್ದು ಕಂಡಿತು. ತಂಡಕ್ಕೆಂದು ಕೊನೆಗೆ ಆರಿಸಿದ ಅಳತೆ ಇದೇ ಎಂದು ಉಸ್ತಾದ್ ಹೇಳಿದರು. ಅಂಟಿಸಿದ ಚೌಕದಲ್ಲಿ ನಾಲ್ಕು ತೂತು, ಒಂದರ ಮೈಗೊಂದು ತಾಗಿಕೊಂಡಂತೆ. ನೋಡಲು ಚೆಂದವಿತ್ತು. ಅಂತರ ಹದಿನಾಲ್ಕು ಮಿಲಿಮೀಟರ್ ಎಂದು ಬರೆದಿತ್ತು. ಐದಿರಬೇಕಾದಲ್ಲಿ ನಾಲ್ಕೇ ಯಾಕೆ ಎಂದು ನನಗೆ ಹೊಳೆಯಲಿಲ್ಲ. ಒಂದು ತೂತಿನೊಳಗೇ ಇನ್ನೊಂದು ಗುಂಡು ಹಾದಿರುವುದು ಉಂಟೆಂದು ಹಿಂದಿನ ಪುಟಗಳಲ್ಲಿ ಓದಿದ್ದೆ. ಬಹುಶಃ ಆರಿಸಿದವರೂ ಹಾಗೇ ತಿಳಿದಿದ್ದರು.

ಕೊನೆಯ ಕಾಲಂ ಓದಿದೆ. "ಐದನೇದು ಬಲಕ್ಕ ದೂರ ಬಿತ್ತು. ಹೊಡೆದಾವ ತನ್ನ ತಪ್ಪಲ್ಲ ಅಂದ. ತೋಟಾ ಡಬ್ಬಿ ಬಿಸಿಲಾಗ ಇತ್ತು, ಬೋಲ್ಟ್ ಎತ್ತಾಕ ಬಿಗಿ ಆತು. ನಾಲ್ಕರ ಅಳತಿ ಅಷ್ಟ ಬರದೇನಿ. ಇನ್ನೊಮ್ಮೆ ಹೊಡಿಸಿ ನೋಡಬೇಕು. ಉಸ್ತಾದ್‌ಗೆ ಹೇಳಿಲ್ಲ."

ಮನಸ್ಸಿನಲ್ಲೇ ಎರಡು ಸಲ ಓದಿಕೊಂಡೆ. ಉಸ್ತಾದ್ ಪೆನ್ನು ಹಿಡಿದು ಕಾಯುತ್ತಿದ್ದರು.

"ಏನು ಬರೆದಿದ್ದಾನೆ?"

"ಗಾಳಿ ಇರಲಿಲ್ಲ ಅಂತ," ಎಂದೆ.

ಅವರು ಬರೆದುಕೊಂಡರು.

ಯಾಕೆ ಹಾಗೆ ಹೇಳಿದೆ ಎಂದು ಈಗಲೂ ಪೂರ್ತಿ ವಿವರಿಸಲಾರೆ. ಸತ್ತವರ ಮೇಲೆ ಒಂದು ಮಾತು ಬರುವುದನ್ನು ತಡೆಯಬೇಕೆಂದು ಬಾಯಿ ನನ್ನನ್ನು ಕೇಳದೆ ಮುಂದೆ ಹೋಯಿತು. ಆವತ್ತು ಹೊರಡುವಾಗ ಉಸ್ತಾದರ ಹೆಂಡತಿ ತಮ್ಮ ಮುರುಕು ಹಿಂದಿಯಲ್ಲಿ, ತಮ್ಮ ಕಿರಿಯ ಮಗನೂ ತಂಡದಲ್ಲಿದ್ದಾನೆ, ಸ್ಪರ್ಧೆ ಹತ್ತಿರ ಬಂತು, ಮುಂದಿನ ವಾರದಿಂದ ಮಧ್ಯಾಹ್ನವೂ ಅಭ್ಯಾಸ, ಬಿಸಿಲು ಏರುತ್ತಿದೆ ಎಂದರು. ನಾನು ತಲೆಯಾಡಿಸಿದೆ.

ಬಂದೂಕಿನ ಹಿಂಬದಿ ಮುಚ್ಚುವ ಅಗುಳಿಯೇ ಬೋಲ್ಟ್, ಅದು ಬಿಗಿಯಾಗುವುದೆಂದರೆ ಏನೆಂದು ಹಿಂದಿನ ರಿಜಿಸ್ಟರುಗಳಿಂದಲೇ ನನಗೆ ತಿಳಿದಿತ್ತು. ಬಂದೂಕಿನೊಳಗೆ ಒತ್ತಡ ಮಿತಿ ಮೀರುತ್ತಿದೆ ಎನ್ನುವ ಸೂಚನೆ ಅದು. ಮದ್ದು ಬಿಸಿಯಾದಷ್ಟೂ ಒತ್ತಡ ಏರುತ್ತದೆ, ಬಂದೂಕೇ ಸಿಡಿಯಬಹುದು. ಬೇರೆ ಎಲ್ಲಿ ಹಾಗಾದರೂ ಅವರು "ಈ ಅಳತಿ ಬ್ಯಾಡ, ನಿಲ್ಲಿಸಿದೆ" ಎಂದು ಬರೆದಿದ್ದರು. ಇಲ್ಲಿ ಮಾತ್ರ ನಿಲ್ಲಿಸಿರಲಿಲ್ಲ.

ಪುಟದ ತಲೆಯ ಮೇಲಿನ ತಾರೀಖು ನೋಡಿದೆ. ಅಕ್ಟೋಬರಿನದು. ಆ ದಿನ ನನಗೆ ಚೆನ್ನಾಗಿ ನೆನಪಿತ್ತು. ಮಗಳು ಶಾಲೆಯ ಮೆಟ್ಟಿಲ ಮೇಲೆ ಬಿದ್ದು ಕೈ ಮುರಿದುಕೊಂಡ ದಿನ. ಆಸ್ಪತ್ರೆಯಿಂದ ನಾನು ಇವರಿಗೆ ಮೂರು ಸಲ ಫೋನ್ ಮಾಡಿದ್ದೆ. "ಇನ್ನೊಂದು ಐದ ಗುಂಡ ಬಾಕಿ ಅದಾವು, ಮುಗಿಸಿ ಬರ್ತೀನಿ," ಎಂದಿದ್ದರು. ಮೂರನೇ ಸಲ ನಾನು, "ಮಗಳ ಕೈ ಮುರದೈತಿ, ನಿಮಗ ನಿಮ್ಮ ಕಾಗದಾನ ದೊಡ್ಡದಾತೇನ್ರಿ? ಬಿಟ್ಟ ಬರ್ರಿ," ಎಂದು ಕೂಗಿದ್ದೆ. ಆಸ್ಪತ್ರೆಗೆ ಬಂದಾಗ ಅವರ ಅಂಗಿಯ ಜೇಬಿನಲ್ಲಿದ್ದ ಪೆನ್ನಿಗೆ ಮುಚ್ಚಳ ಹಾಕಿರಲಿಲ್ಲ, ನೀಲಿ ಕಲೆ ಹರಡಿತ್ತು. ಮಗಳಿಗೆ ಶಸ್ತ್ರಚಿಕಿತ್ಸೆಯಾಯಿತು, ಇವರು ಒಂದು ವಾರ ರಜೆ ಹಾಕಿದರು. ಆ ವಾರದಲ್ಲೇ ಕ್ಲಬ್‌ನ ಸಮಿತಿಯವರು ರಿಜಿಸ್ಟರು ನೋಡಿ ಆ ಅಳತೆಯನ್ನು ಆರಿಸಿರಬೇಕು. ಇವರು ಮರಳಿ ಹೋಗುವಷ್ಟರಲ್ಲಿ ತೋಟಾಗಳನ್ನು ಪೆಟ್ಟಿಗೆಗಟ್ಟಲೆ ತುಂಬಿಯಾಗಿತ್ತು. ಅಷ್ಟೊತ್ತಿಗೆ ಚಳಿಗಾಲ, ಯಾವ ತೊಂದರೆಯೂ ಕಾಣಲಿಲ್ಲ.

ಇದು ನಾನು ಜೋಡಿಸಿಕೊಂಡ ಲೆಕ್ಕ, ಅವರು ಎಲ್ಲೂ ಬರೆದಿಲ್ಲ. ಆದರೆ ಆ ನವೆಂಬರಿನಲ್ಲಿ ಅವರು ತಟ್ಟೆಯ ಮುಂದೆ ಕೂತು ರೊಟ್ಟಿ ಮುರಿದು ಮುರಿದು ಹಾಗೇ ಬಿಟ್ಟೇಳುತ್ತಿದ್ದರು. ಯಾಕೆ ಎಂದರೆ ಹಸಿವಿಲ್ಲ ಎನ್ನುತ್ತಿದ್ದರು. ಉಸ್ತಾದ್‌ಗೆ ಹೇಳಬೇಕು ಎಂದು ದಿನಾ ಹೋಗಿ, ಹೇಳದೆ ದಿನಾ ಬಂದಿರಬಹುದು. ನನಗೂ ಹೇಳಲಿಲ್ಲ.

ಮಂಗಳವಾರದ ಸರದಿಯನ್ನು ತಲೆನೋವೆಂದು ತಪ್ಪಿಸಿದೆ. ಅರ್ಧ ಮಾತ್ರ ಹೇಳಿದರೆ ಹೇಗೆ ಎಂದು ಯೋಚಿಸಿದೆ. ಬೋಲ್ಟ್ ಬಿಗಿಯಾದದ್ದನ್ನು ಹೇಳಿ ಉಳಿದದ್ದನ್ನು ಬಿಟ್ಟರೆ ಯಾರಿಗೂ ಅಪಾಯವಿಲ್ಲ, ಅವರ ಹೆಸರಿಗೂ ಕುಂದಿಲ್ಲ. ಕನ್ನಡ ಓದಬಲ್ಲವರು ಅಲ್ಲಿ ಬೇರೆ ಯಾರೂ ಇಲ್ಲ. ಮಧ್ಯಾಹ್ನ ತರಕಾರಿ ಮಾರುಕಟ್ಟೆಗೆ ಹೋಗಿ, ಏನು ತರಲು ಬಂದೆನೆಂದು ತಿಳಿಯದೆ ಬದನೆಕಾಯಿಯ ರಾಶಿಯ ಮುಂದೆ ನಿಂತಿದ್ದೆ. ಆಗ ಮನಸ್ಸಿಗೆ ಬಂದದ್ದು ಇಷ್ಟು. ಅವರು ಮುಚ್ಚಿಡಬೇಕೆಂದಿದ್ದರೆ ಬರೆಯುತ್ತಲೇ ಇರಲಿಲ್ಲ. ಚೌಕದಿಂದ ಹೊರಗೆ ಬಿದ್ದ ತೂತನ್ನು ಕತ್ತರಿಸಿ ಬಿಸಾಡಿದವರಿಗೆ ಆ ಸಾಲನ್ನೂ ಬರೆಯದೆ ಬಿಡುವುದು ಕಷ್ಟವಿರಲಿಲ್ಲ.

ಮರುದಿನ ಬೆಳಿಗ್ಗೆ ಮಗಳನ್ನು ಶಾಲೆಗೆ ಕಳಿಸಿ, ಉಸ್ತಾದ್‌ಗೆ ಫೋನ್ ಮಾಡಿ, ಟ್ಯಾಕ್ಸಿಯಲ್ಲಿ ಕ್ಲಬ್‌ಗೆ ಹೋದೆ. ನನ್ನ ಗಂಡ ಒಂಬತ್ತು ವರ್ಷ ದುಡಿದ ಆ ಕೋಣೆಯನ್ನು ಮೊದಲ ಸಲ ನೋಡಿದ್ದು ಆವತ್ತು. ಬಿಳಿ ಗೋಡೆ, ಉದ್ದನೆಯ ಮೇಜು, ಗಾಜಿನ ಪೆಟ್ಟಿಗೆಯೊಳಗೆ ತಕ್ಕಡಿ. ಅವರ ಕುರ್ಚಿಯ ಮೇಲೆ ಮಡಿಸಿದ ಟವೆಲ್ ಹಾಗೇ ಇತ್ತು.

ರಿಜಿಸ್ಟರು ತೆರೆದು ಆ ಸಾಲನ್ನು ಓದಿ, ಒಂದೊಂದೇ ಮಾತು ಹಿಂದಿಗೆ ತಂದು ಹೇಳಿದೆ. ಕೊನೆಯ "ಉಸ್ತಾದ್‌ಗೆ ಹೇಳಿಲ್ಲ" ಎಂಬುದನ್ನೂ ಹೇಳಿದೆ.

ಅವರು ಆ ನಾಲ್ಕು ತೂತುಗಳನ್ನು ಬೆರಳಿಟ್ಟು ಒಂದೊಂದಾಗಿ ಎಣಿಸಿದರು. "ಹೋದ ಸಲ ಗಾಳಿ ಇರಲಿಲ್ಲ ಎಂದಿರಿ."

"ಸುಳ್ಳು ಹೇಳಿದೆ."

"ಅವನಿಗಾಗಿಯಾ?"

"ಗೊತ್ತಿಲ್ಲ. ನನಗಾಗಿಯೂ ಇರಬಹುದು."

ಅವರು ನೋಟ್‌ಬುಕ್ ತೆಗೆದು, ತಾವು ಬರೆದುಕೊಂಡಿದ್ದ ಸಾಲಿನ ಮೇಲೆ ಒಂದೇ ಗೆರೆ ಎಳೆದರು. ಕೆಳಗೆ ಹೊಸದಾಗಿ ಬರೆದರು. ಆಮೇಲೆ ಎದ್ದು ಹೋಗಿ ಬೀರುವಿನ ಬೀಗ ತೆಗೆದು, ಅಲ್ಲಿದ್ದ ಪೆಟ್ಟಿಗೆಗಳನ್ನು ಒಂದೊಂದಾಗಿ ಕೆಳಗಿಳಿಸಿ ನೆಲದ ಮೇಲೆ ಇಟ್ಟರು. ನಾನು ಸಹಾಯಕ್ಕೆ ಹೋದರೆ ಬೇಡವೆಂದರು. ಮೊಣಕಾಲು ನೋಯುತ್ತಿತ್ತೆಂದು ಕಾಣುತ್ತದೆ, ಪ್ರತಿ ಸಲ ಬಗ್ಗುವಾಗ ಮೇಜು ಹಿಡಿದುಕೊಳ್ಳುತ್ತಿದ್ದರು. ಎಲ್ಲ ಇಳಿಸಿದ ಮೇಲೆ, "ಖಲಾಸ್. ಪರೀಕ್ಷೆ ಆಗುವವರೆಗೆ ಇದನ್ನು ಯಾರೂ ಮುಟ್ಟಬಾರದು," ಎಂದರು, ನನಗಲ್ಲ, ಬಾಗಿಲಲ್ಲಿ ನಿಂತಿದ್ದ ಕಾವಲುಗಾರನಿಗೆ.

ಎರಡು ದಿನ ಬಿಟ್ಟು ಅವರೇ ಬಂದೂಕಿನ ಹಿಂದೆ ಕೂತು ಆ ತೋಟಾಗಳನ್ನು ಮತ್ತೆ ಹೊಡೆದರು, ಬೆಳಗಿನ ತಂಪಿನಲ್ಲಿ ಇಪ್ಪತ್ತು. ಫಲವನ್ನು ಫೋನಿನಲ್ಲಿ ಹೇಳಿದರು. ಹೆಚ್ಚಿನವು ಒಟ್ಟಾಗಿ ಬಿದ್ದಿದ್ದವು, ಆದರೆ ಪ್ರತಿ ಐದಕ್ಕೂ ಒಂದೋ ಎರಡೋ ದೂರ ಹೋಗಿದ್ದವು. ಬಿಸಿಲೇರಿದ ಮೇಲೆ ಒಂದೇ ಒಂದನ್ನು ಹೊಡೆದರಂತೆ, ಬಂದೂಕನ್ನು ಕಟ್ಟೆಗೆ ಕಟ್ಟಿ, ತಾವು ದೂರ ನಿಂತು, ಹಗ್ಗ ಎಳೆದು. ಬೋಲ್ಟ್ ಕೈಯಿಂದ ಏಳಲಿಲ್ಲ. ಮರದ ಸುತ್ತಿಗೆಯಿಂದ ತಟ್ಟಿ ಬಿಡಿಸಬೇಕಾಯಿತು. ಆ ಅಳತೆಯನ್ನು ಕೈಬಿಟ್ಟು, ಹಿಂದಿನ ವರ್ಷದ ಹಳೆಯ ಅಳತೆಯ ತೋಟಾಗಳನ್ನು ತಂಡಕ್ಕೆ ಕೊಟ್ಟರು. ಸ್ಪರ್ಧೆಯಲ್ಲಿ ತಂಡಕ್ಕೆ ಯಾವ ಸ್ಥಾನವೂ ಬರಲಿಲ್ಲ. ಕಾರಣ ಏನೆಂದು ಸಮಿತಿಗೆ ಉಸ್ತಾದ್ ಬರೆದುಕೊಟ್ಟರು. ನನ್ನ ಗಂಡನ ಹೆಸರು ಅದರಲ್ಲಿತ್ತು, ಅವರ ಸ್ವಂತ ಹೆಸರೂ ಇತ್ತು, ಪುಟವನ್ನು ಪರೀಕ್ಷಿಸದೆ ಸಹಿ ಹಾಕಿದವರೆಂದು.

ವಿಷಯ ಮಗಳಿಗೆ ತಿಳಿದದ್ದು ಅವಳ ತರಗತಿಯ ಹುಡುಗಿಯಿಂದ, ಆ ಹುಡುಗಿಯ ತಂದೆ ಕ್ಲಬ್‌ನ ಆಫೀಸಿನಲ್ಲಿದ್ದರು. ಕೊನೆಯ ಪರೀಕ್ಷೆ ಬರೆದು ಮನೆಗೆ ಬಂದವಳು ಚೀಲ ಇಳಿಸದೆ ಅಡುಗೆಮನೆಯ ಬಾಗಿಲಲ್ಲಿ ನಿಂತಳು.

"ವೈ ಡಿಡ್ ಯು ಟೆಲ್ ದೆಮ್, ಅಮ್ಮಾ?"

"ಹೇಳಬೇಕಾಗಿತ್ತವಾ. ಯಾರಿಗಾರ ಪೆಟ್ಟಾಗ್ತಿತ್ತು."

"ಬೋಲ್ಟ್ ಬಗ್ಗೆ ಅಷ್ಟೇ ಹೇಳಬೋದಿತ್ತಲ್ಲ. ನಾಟ್ ದ ರೆಸ್ಟ್. ಪಪ್ಪಾ ಈಗ ಏನೂ ಎಕ್ಸ್‌ಪ್ಲೇನ್ ಮಾಡಾಕ ಆಗಂಗಿಲ್ಲ."

ಆ ದಿನ ಯಾವ ದಿನವಾಗಿತ್ತು ಎಂದು ಅವಳಿಗೆ ಹೇಳುವುದು ಬಾಯಿಯವರೆಗೆ ಬಂತು. ಹೇಳಲಿಲ್ಲ. ಇಂದಿಗೂ ಹೇಳಿಲ್ಲ. ತನ್ನ ಕೈ ಮುರಿದದ್ದಕ್ಕೂ ಅಪ್ಪನ ತಪ್ಪಿಗೂ ಅವಳು ಗಂಟು ಹಾಕಿಕೊಳ್ಳುವುದು ನನಗೆ ಬೇಕಿಲ್ಲ. ಇದೂ ಬಿಟ್ಟ ಸಾಲೇ ಎಂದು ಯಾರಾದರೂ ಎಂದರೆ ಹೌದು ಎನ್ನುತ್ತೇನೆ. ಎರಡು ದಿನ ಅವಳು ನನ್ನ ಜೊತೆ ಬೇಕಾದಷ್ಟೇ ಮಾತಾಡಿದಳು.

ಮುಂದಿನ ಭಾನುವಾರ ಉಸ್ತಾದ್ ಮತ್ತು ಅವರ ಹೆಂಡತಿ ಬಂದರು. ಹನ್ನೊಂದನೇ ರಿಜಿಸ್ಟರಿನ ಕೊನೆಯ ಪುಟಗಳು ಉಳಿದಿದ್ದವು. ನಾವು ಓದಿ ಮುಗಿಸುವವರೆಗೂ ಮಗಳು ತನ್ನ ಕೋಣೆಯಲ್ಲೇ ಇದ್ದು, ಅವರು ಏಳುವ ಹೊತ್ತಿಗೆ ಹೊರಗೆ ಬಂದಳು. ಹಿಂದಿಯಲ್ಲಿ ನೇರವಾಗಿ ಕೇಳಿದಳು, "ಅಂಕಲ್, ನಮ್ಮ ಅಪ್ಪ ಒಳ್ಳೆಯ ಕೆಲಸಗಾರ ಆಗಿದ್ದರಾ?"

ನಾನು ಅವಳ ಹೆಸರು ಹಿಡಿದು ಗದರಲು ಹೋದೆ. ಉಸ್ತಾದ್ ಕೈ ಎತ್ತಿ ತಡೆದರು. ಮತ್ತೆ ಕುರ್ಚಿಯ ಮೇಲೆ ಕೂತರು.

"ಆ ಒಂದು ದಿನ ಅವನು ತಪ್ಪು ಮಾಡಿದ. ಆಮೇಲೆ ನನ್ನ ಹತ್ತಿರ ಬರಲಿಲ್ಲ, ಅದು ಅದಕ್ಕಿಂತ ದೊಡ್ಡ ತಪ್ಪು. ನನಗೆ ಅವನ ಮೇಲೆ ಸಿಟ್ಟಿದೆ. ಸಿಟ್ಟು ಮಾಡಲು ಅವನಿಲ್ಲ." ಸ್ವಲ್ಪ ತಡೆದು ಪೆಟ್ಟಿಗೆಯ ಕಡೆ ನೋಡಿದರು. "ಇಷ್ಟು ಪುಸ್ತಕಗಳನ್ನು ನಿಮ್ಮಮ್ಮ ಓದಿದ್ದಾಳೆ, ನಾನು ಕೇಳಿದ್ದೇನೆ. ಬೇರೆ ಎಲ್ಲೂ ನನಗೆ ಅಂಥದ್ದು ಸಿಗಲಿಲ್ಲ. ನಾನು ಹುಡುಕಿದೆ, ಮಗಳೇ. ಸಿಗಲೆಂದೇ ಹುಡುಕಿದೆ."

ಮಗಳು ಅಳಲಿಲ್ಲ. "ಥ್ಯಾಂಕ್ಯೂ," ಎಂದು ಹೇಳಿ ಒಳಗೆ ಹೋದಳು. ಉಸ್ತಾದರ ಹೆಂಡತಿ ಅವಳ ಹಿಂದೆಯೇ ಹೋಗಿ, ಕೋಣೆಯ ಬಾಗಿಲ ಬಳಿ ಒಂದು ಕ್ಷಣ ನಿಂತು, ಒಳಗೆ ಹೋಗದೆ ಮರಳಿ ಬಂದರು.

ಅವರನ್ನು ಕಳಿಸಲು ನಾನು ಕೆಳಗೆ ಇಳಿದೆ. ಪೆಟ್ಟಿಗೆಯನ್ನು ಕಾರಿನ ಹಿಂದಿನ ಸೀಟಿನಲ್ಲಿ ಇಟ್ಟು ಉಸ್ತಾದ್ ನನ್ನ ಕಡೆ ತಿರುಗಿದರು. ಗಂಡನ ಜಾಗಕ್ಕೆ ಇನ್ನೂ ಯಾರೂ ಬಂದಿಲ್ಲ, ಹೊಸ ಅಳತೆಗಳ ಪರೀಕ್ಷೆ ಗುರುವಾರದಿಂದ ಶುರು ಮಾಡಬೇಕು, ದುರ್ಬೀನಿನ ಹಿಂದೆ ಕೂತು ಗುಂಡು ಬಿದ್ದ ಕಡೆ ಗುರುತು ಹಾಕಲು ಒಬ್ಬರು ಬೇಕು ಎಂದರು. ಸಮಿತಿಯನ್ನು ಕೇಳಿದ್ದಾಗಿದೆ, ಸದ್ಯಕ್ಕೆ ತಾತ್ಕಾಲಿಕ, ವೀಸಾದ ಕಾಗದವನ್ನು ಅವರೇ ನೋಡಿಕೊಳ್ಳುತ್ತಾರಂತೆ.

"ನಾನು ಒಮ್ಮೆ ಸುಳ್ಳು ಬರೆಸಿದವಳು," ಎಂದೆ.

"ಗೊತ್ತು. ಅದಕ್ಕೇ ಪ್ರತಿ ಪುಟವನ್ನೂ ನಾನು ನೋಡುತ್ತೇನೆ," ಎಂದರು ಅವರು. ತಮಾಷೆ ಮಾಡಿದ್ದಲ್ಲ.

ಗುರುವಾರ ಮುಂಜಾನೆ ಹೋದೆ. ಬಿಸಿಲು ಇನ್ನೂ ಬೆಟ್ಟದ ಆಚೆ ಇತ್ತು. ಅವರು ಬಂದೂಕಿನ ಹಿಂದೆ ಮಲಗಿದರು, ನಾನು ಪಕ್ಕದಲ್ಲಿ ದುರ್ಬೀನಿಗೆ ಕಣ್ಣು ಹಚ್ಚಿ ಕೂತೆ. ಮೊದಲ ಗುಂಡಿನ ಸದ್ದಿಗೆ ಬೆಚ್ಚಿಬಿದ್ದು, ಎಲ್ಲಿ ಬಿತ್ತೆಂದು ನೋಡುವುದೇ ತಪ್ಪಿಹೋಯಿತು. ಕಾಣಲಿಲ್ಲ ಎಂದೆ. ಹಾಗೆಂದೇ ಬರೆಯಿರಿ ಎಂದರು. ಬರೆದೆ, ಕನ್ನಡದಲ್ಲಿ, ಅವರಿಗೂ ತಿಳಿಯಲೆಂದು ಇಂಗ್ಲಿಷಿನಲ್ಲೂ. ಎರಡನೆಯ ಗುಂಡಿಗೆ ಅವರು ಸಿದ್ಧರಾಗುತ್ತಿದ್ದರು.